ನೆಲದ ಮೇಲೆ ನಿಂತು ಓದಿದವರು

ಮೂರು ತಿಂಗಳಿಗೊಮ್ಮೆ ನಾನು ಸಂಶಿಯ ಹೊರಗಿರುವ ನನ್ನ ಲೇಔಟಿಗೆ ಹೋಗುತ್ತೇನೆ. ಎರಡು ರಸ್ತೆ ಕೂಡುವಲ್ಲಿ ನಿಂತು ಕೈಯಲ್ಲಿರುವ ಕಾಗದವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತೇನೆ. ಕೇಳುವವರು ಯಾರೂ ಇರುವುದಿಲ್ಲ. ಬಾಜು ಹೊಲದಲ್ಲಿ ಕಳೆ ಕೀಳುವ ಹೆಣ್ಣುಮಕ್ಕಳು ಒಮ್ಮೊಮ್ಮೆ ತಲೆಯೆತ್ತಿ ನೋಡಿ, ತಮ್ಮೊಳಗೇ ಏನೋ ಅಂದುಕೊಂಡು ನಗುತ್ತಾರೆ. ನಗಲಿ. ಓದುವಾಗ ನನ್ನ ಎಡಭುಜದ ಹಿಂದೆ, ಒಂದು ಮಾರು ದೂರದಲ್ಲಿ, ಯಾರೋ ನಿಂತು ನನ್ನ ಉತ್ತರಕ್ಕೆ ಕಾಯುತ್ತಿದ್ದಾರೆ ಅನ್ನಿಸುತ್ತದೆ. ತಿರುಗಿ ನೋಡುವುದಿಲ್ಲ. ನೋಡಿದರೆ ಯಾರೂ ಇರುವುದಿಲ್ಲ ಎಂದು ಗೊತ್ತಿದೆ. ಗೊತ್ತಿರುವುದನ್ನೇ ಮತ್ತೊಮ್ಮೆ ಕಣ್ಣಿಂದ ನೋಡುವ ಧೈರ್ಯವಿಲ್ಲ.

ಹೀಗೆ ಓದುವುದು ನನ್ನ ಪದ್ಧತಿಯಲ್ಲ. ಇದು ಯಾರ ಪದ್ಧತಿಯೋ ಅವರು ತೀರಿಕೊಂಡು ಎರಡು ಮಳೆಗಾಲ ಕಳೆದವು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರ ಮನೆಯವರು ಓದಿಯಾರು, ಮತ್ತು ನಾನು ಅವರಿಗೆ ಏನು ಮಾಡಿದೆ ಎಂಬುದು ಅವರ ಮನೆಯವರಿಗೆ ಗೊತ್ತಿಲ್ಲ. ಜನ ಅವರನ್ನು ರೈಟರ್ ಕಾಕಾ ಅನ್ನುತ್ತಿದ್ದರು. ಆ ಹೆಸರಿನಿಂದ ಕರೆಸಿಕೊಳ್ಳುವವರು ನಮ್ಮ ತಾಲ್ಲೂಕಿನಲ್ಲೇ ನಾಲ್ಕು ಜನ ಸಿಗುತ್ತಾರೆ, ಹಾಗಾಗಿ ಅಷ್ಟು ಹೇಳಿದರೆ ಅಡ್ಡಿಯಿಲ್ಲ.

ಕುಂದಗೋಳದಲ್ಲಿ ಒಂದು ಜೆರಾಕ್ಸ್ ಅಂಗಡಿಯ ಪಡಸಾಲೆಯಲ್ಲಿ ಅವರ ಮೇಜು. ನಲವತ್ತು ವರ್ಷ ಖರೀದಿ ಪತ್ರ, ಆಸ್ತಿ ಪಾಲಿನ ವಾಟ್ನಿ ಪತ್ರ, ಮೃತ್ಯುಪತ್ರ ಬರೆದ ಕೈ. ಬಿಳಿ ಪಾಯಜಾಮ, ಏಪ್ರಿಲ್ ಬಿಸಿಲಲ್ಲೂ ಬಿಚ್ಚದ ಬೂದು ಕೋಟು, ಅದರ ಬಲಗಿಸೆಯಲ್ಲಿ ದರ್ಜಿಗಳು ಇಟ್ಟುಕೊಳ್ಳುವಂಥ ಒಂದು ಟೇಪು. ಅವರ ಹಿರಿಯರು ಮಗ್ಗದ ಮೇಲೆ ಕೂತವರು. "ನಮ್ಮದು ನೇಯೋ ಮನಿ," ಅನ್ನುತ್ತಿದ್ದರು. "ಎಲ್ಲಿ ಎಳಿ ತಪ್ಪೈತಿ ಅಂತ ಸೀರಿ ಉಟ್ಟಾಕಿಗೆ ಗೊತ್ತಾಗ್ತೈತಿ. ನೇಯ್ದಾಂವ ಎಷ್ಟ ದೂರ ಇರ್ಲಿ, ಬೈಗುಳ ಬಂದು ಮುಟ್ಟತೈತಿ." ಕನ್ನಡದಲ್ಲಿ ಅಂಥ ಖರೀದಿ ಪತ್ರವನ್ನು ಮತ್ತೊಬ್ಬರು ಬರೆದದ್ದನ್ನು ನಾನು ಕಂಡಿಲ್ಲ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗುವಾಗ ಪೆನ್ನಿನ ಮುಚ್ಚಳ ಹಾಕಿ, ಅರ್ಧ ಬರೆದ ವಾಕ್ಯದ ಮೇಲೆ ಅಂಗೈ ಊರಿ, "ನೀ ಇಲ್ಲೇ ಇರು, ಬಂದ್ನಿ" ಎಂದು ವಾಕ್ಯಕ್ಕೇ ಹೇಳಿ ಹೋಗುವರು.

ನನ್ನ ಸಂಗತಿ ಎರಡು ಮಾತಲ್ಲಿ ಮುಗಿಸುತ್ತೇನೆ. ನಾನು ಕುಬಿಹಾಳದವನು. ಎತ್ತಿನ ಸಂತೆಯಲ್ಲಿ ದಲಾಲಿ ಮಾಡಿ ಮೇಲೆ ಬಂದವನು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವಾಗ ಎದುರಿನವನ ಕಣ್ಣನ್ನಲ್ಲ, ಅವನ ಮಣಿಕಟ್ಟಿನ ಬಿಗುವನ್ನು ನೋಡಬೇಕು. ಇದು ಎತ್ತಿಗೂ ಸೈ, ಭೂಮಿಗೂ ಸೈ. ಎತ್ತು ಬಿಟ್ಟು ಹೊಲದ ದಲಾಲಿಗೆ ಬಂದೆ, ದಲಾಲಿ ಬಿಟ್ಟು ಸ್ವಂತ ಲೇಔಟಿಗೆ ಬಂದೆ. ಎರಡೂವರೆ ಎಕರೆ, ನಲವತ್ತೆರಡು ಸೈಟು. ಆಗ ರೇರಾ ಕಾನೂನು ಬಂದಿತ್ತು. ಲೇಔಟನ್ನು ನೋಂದಾಯಿಸಬೇಕು, ಅಷ್ಟೇ ಅಲ್ಲ, ಮೂರು ತಿಂಗಳಿಗೊಮ್ಮೆ ಅದರ ಮಾಹಿತಿಯನ್ನು ಸರ್ಕಾರದ ಜಾಲತಾಣದಲ್ಲಿ ತಿದ್ದಿ ತುಂಬಬೇಕು. ಎಷ್ಟು ಸೈಟು ಹೋದವು, ರಸ್ತೆ ಎಲ್ಲಿಗೆ ಬಂತು, ಗಟಾರ ಆಯಿತೇ, ದೀಪದ ಕಂಬ ನಿಂತವೇ, ಮೊದಲು ಹೇಳಿದ್ದರಲ್ಲಿ ಏನಾದರೂ ಬದಲಾಗಿದೆಯೇ. ಹುಬ್ಬಳ್ಳಿಯಲ್ಲಿ ಕೂತಲ್ಲಿಂದಲೇ ಇದನ್ನು ತುಂಬಿ ಕೊಡುವವರಿದ್ದರು. ನಾನು ರೈಟರ್ ಕಾಕಾ ಹತ್ತಿರ ಹೋದದ್ದು ಅವರು ನನ್ನ ಖರೀದಿ ಪತ್ರ ಬರೆದಿದ್ದರು ಎಂಬ ಒಂದೇ ಕಾರಣಕ್ಕೆ. ಹೊಲ ಗೊತ್ತಿದ್ದವರು, ಬೇಗ ಮುಗಿಸುತ್ತಾರೆ ಅಂದುಕೊಂಡೆ.

ಬೇಗ ಮುಗಿಯಲಿಲ್ಲ. "ಹೋಗೂಣು ನಡೀರಿ," ಎಂದರು ಮೊದಲ ದಿನ.

"ಎಲ್ಲಿಗ್ರಿ?"

"ಹೊಲಕ್ಕ. ಇಲ್ಲಿ ಕುಂತು ಬರದ್ರ ಮೇಜಿನ ಮಾಹಿತಿ ಆಗ್ತೈತಿ, ಲೇಔಟಿನ ಮಾಹಿತಿ ಆಗೂದಿಲ್ಲ."

ನನ್ನ ಬೈಕಿನ ಹಿಂದೆ ಕೂತು ಬಂದರು. ಚಹಾ ತರಿಸಲೇ ಅಂದರೆ "ಓದಿದ ಮ್ಯಾಲ" ಅಂದರು. ಎರಡು ರಸ್ತೆ ಕೂಡುವಲ್ಲಿ ನಿಂತು, ದಾರ ಕಟ್ಟಿದ ಕನ್ನಡಕ ಏರಿಸಿ, ತಾವೇ ಕೈಬರಹದಲ್ಲಿ ಸಿದ್ಧಮಾಡಿದ ನಮೂನೆಯನ್ನು ಓದತೊಡಗಿದರು. ಅವರ ಕಾಲದ ರೈಟರುಗಳು ಖರೀದಿ ಪತ್ರಕ್ಕೆ ಸಹಿ ಬೀಳುವ ಮುಂಚೆ ಕೊಡುವವನಿಗೂ ಕೊಳ್ಳುವವನಿಗೂ ಅದನ್ನು ಪೂರ್ತಿ ಓದಿ ಹೇಳಬೇಕಿತ್ತು. ಈ ಮನುಷ್ಯ ಆ ಪದ್ಧತಿಯನ್ನು ಜಾಲತಾಣದ ನಮೂನೆಗೂ ತಂದಿದ್ದರು. ಪೂರ್ವಕ್ಕೆ ಇಂಥವರ ಹೊಲ ಎಂದು ಪೂರ್ವಕ್ಕೆ ತಿರುಗುವರು. ಪಶ್ಚಿಮಕ್ಕೆ ಹಳೆಯ ಬಂಡಿದಾರಿ ಎಂದು ಪಶ್ಚಿಮಕ್ಕೆ. ಒಂದೊಂದು ಸಾಲು ಮುಗಿದಾಗಲೂ ನಿಲ್ಲಿಸಿ, "ಐತೇನ್ರಿ?" ಎಂದು ಕೇಳುವರು. ನಾನು "ಐತ್ರಿ" ಅನ್ನಬೇಕು, ಇಲ್ಲವೇ "ಇಲ್ರಿ" ಅನ್ನಬೇಕು. ನನ್ನ ಮಾತು ಕೇಳಿದ ಮೇಲೂ ಅವರು ಒಂದು ಕ್ಷಣ ಸುಮ್ಮನೆ ನಿಲ್ಲುತ್ತಿದ್ದರು. ನೆಲಕ್ಕೂ ಮಾತಾಡಲು ಅವಕಾಶ ಕೊಟ್ಟಂತೆ ಇರುತ್ತಿತ್ತು ಆ ನಿಲ್ಲುವಿಕೆ.

"ದೀಪದ ಕಂಬ ಹದಿನಾಲ್ಕು. ಐತೇನ್ರಿ?"

"ಐತ್ರಿ."

ಅವರು ಎಣಿಸಲು ಹೊರಟರು. ಎಣಿಸುವುದೆಂದರೆ ಪ್ರತಿಯೊಂದು ಕಂಬವನ್ನೂ ಅಂಗೈಯಿಂದ ಮುಟ್ಟುವುದು. ಬಂದು, "ಹನ್ನೊಂದು" ಎಂದರು.

"ಮೂರು ಟ್ರಾಲ್ಯಾಗ ಬರಾಕತ್ತಾವ ಕಾಕಾ, ನಾಳೆ ನಿಲ್ತಾವ. ಹದಿನಾಲ್ಕು ಅಂತ ಬರೀರಿ."

"ನಾಳೆ ನಿಂತ್ರ ಮುಂದಿನ ಸಲ ಹದಿನಾಲ್ಕು ಬರಿಯೂಣು."

"ಒಂದು ದಿನದ ಮಾತಿಗೆ ಮೂರು ತಿಂಗಳು ನನ್ನ ಲೇಔಟು ಹನ್ನೊಂದು ಕಂಬದ್ದು ಅನಿಸ್ಕೊಬೇಕೇನ್ರಿ?"

"ಹನ್ನೊಂದು ಕಂಬದ್ದ ಐತಲ್ಲ, ಸಾವಕಾರ್ರ."

ಅವರು ಖುಷಿಯಲ್ಲಿದ್ದರೆ ನನ್ನನ್ನು ತಮ್ಮಾ ಅನ್ನುತ್ತಿದ್ದರು. ಸಾವಕಾರ್ರ ಅಂದರೆ ನಾನು ಎಲ್ಲೋ ಜಾರಿದ್ದೇನೆ ಎಂದರ್ಥ. ಅವರ ಕೂಲಿಯ ಮೇಲೆ ನಾನು ಚೌಕಾಸಿ ಮಾಡಿದ್ದು ಮೊದಲ ದಿನ ಮಾತ್ರ. ಆಮೇಲಿನ ಚೌಕಾಸಿಯೆಲ್ಲ ಶಬ್ದಗಳ ಮೇಲೆ. ಪೂರ್ಣ ಅನ್ನಲು ನಾನು, ಪ್ರಗತಿಯಲ್ಲಿದೆ ಅನ್ನಲು ಅವರು. ನಾನು ಎತ್ತಿನ ಸಂತೆಯಲ್ಲಿ ಯಾರಿಗೂ ಸೋತವನಲ್ಲ, ಆ ಮೇಜಿನ ಮುಂದೆ ಪ್ರತಿ ಸಲವೂ ಸೋತೆ. ಸೋತು ಬಂದ ಲಾಭ ಎಷ್ಟೆಂದರೆ, ಸೈಟು ಕೇಳಲು ಬಂದವರು "ಬರೆದವರು ಯಾರು?" ಎಂದು ಕೇಳಿ, ಹೆಸರು ಹೇಳಿದ ಮೇಲೆ ಹೆಚ್ಚು ಕೇಳುತ್ತಿರಲಿಲ್ಲ. ಈ ಕಸುಬಿಗೆ ಹೊಸದಾಗಿ ಬರುವವರಿಗೆ ನನ್ನ ಮಾತು ಇಷ್ಟೇ: ನಿಮ್ಮ ಹೌದಿಗೆ ಹೌದು ಅನ್ನುವ ಬರಹಗಾರನನ್ನು ಇಟ್ಟುಕೊಳ್ಳಬೇಡಿ, ಅವನ ಅಕ್ಷರಕ್ಕೆ ಪೇಟೆಯಲ್ಲಿ ಬೆಲೆಯಿರುವುದಿಲ್ಲ.

ಎಲ್ಲವನ್ನೂ ಗಟ್ಟಿಯಾಗಿ ಓದುವ ಅವರು ಗುಟ್ಟಾಗಿಡುತ್ತಿದ್ದದ್ದು ಒಂದನ್ನೇ. ಮಾಹಿತಿ ಕಳಿಸುವ ಕೊನೆಯ ಗುಂಡಿ ಒತ್ತುವಾಗ ನನ್ನ ಮೊಬೈಲಿಗೆ ಓಟಿಪಿ ಬರುತ್ತದೆ. ನಾನು ಅದನ್ನು ಓದಲು ಬಾಯಿ ತೆರೆದರೆ ಅಂಗೈ ಅಡ್ಡ ಹಿಡಿದು, "ಶ್! ಅದು ನಿಮ್ಮ ಸಹಿ ಇದ್ದಂಗ. ಸಹಿ ಯಾರರ ಬೀದ್ಯಾಗ ಒದರ್ತಾರೇನು?" ಎಂದು, ಮೊಬೈಲನ್ನೇ ಈಸಿಕೊಂಡು ಅಂಗಡಿಯಲ್ಲಿ ಟೈಪು ಮಾಡುವವನ ಕಣ್ಣೆದುರು ಹಿಡಿಯುವರು.

ಇನ್ನು ಬಾವಿಯ ಮಾತು.

ಆ ಹೊಲದಲ್ಲಿ ಒಂದು ಬಾವಿ ಇತ್ತು. ಸುತ್ತಲೆಲ್ಲ ಸವಳು ನೀರು, ಇದೊಂದರಲ್ಲಿ ಸಿಹಿ. ಬೋರುಗಳು ಬಂದ ಮೇಲೆ ಅದೂ ಬತ್ತಿತ್ತು. ನಾನು ಹೊಲ ಕೊಂಡ ತಿಂಗಳಲ್ಲೇ ಅದನ್ನು ಮುಚ್ಚಲು ನಿಂತೆ. ಹೊಲ ಮಾರಿದ ಮುದುಕಿ ಬಂದು, "ಹಂಗ ಮುಚ್ಚಬ್ಯಾಡಪಾ, ಗಂಗವ್ವನ್ನ ಬರಿಗೈಲೆ ಕಳಸಬಾರದು" ಎಂದಳು. ಸರಿ, ಹಸಿರು ಸೀರೆ ಕುಪ್ಪಸ, ಬಳೆ, ಅಕ್ಕಿ, ಕೊಬ್ಬರಿ ಬಟ್ಟಲು ಎಲ್ಲ ತರಿಸಿದೆ. ಮನೆಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬುತ್ತಾರಲ್ಲ, ಹಾಗೆಯೇ ಐದು ಜನ ಮುತ್ತೈದೆಯರು ಬಾವಿಯ ಉಡಿ ತುಂಬಿದರು. ಮುದುಕಿ ಅತ್ತಳು. ರೈಟರ್ ಕಾಕಾ ಚಪ್ಪಲಿ ಬಿಟ್ಟು ದೂರದಲ್ಲಿ ಕೈಕಟ್ಟಿ ನಿಂತಿದ್ದರು. ಆಮೇಲೆ ರಸ್ತೆಗಳಿಗೆ ಕಡಿದ ಎರೆಮಣ್ಣನ್ನೆಲ್ಲ ಅದರೊಳಗೆ ಸುರಿಸಿದೆ. ಗಟ್ಟಿಯಾಗಿ ಕೂರುವ ಗರಸು ಮಣ್ಣು ತಂದು, ಪದರು ಪದರಾಗಿ ಹಾಕಿ, ರೋಲರ್ ಹೊಡೆಸಬೇಕು ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಎರೆಮಣ್ಣು ಅಲ್ಲೇ ಬಿದ್ದಿತ್ತು, ಅದನ್ನು ಬೇರೆಡೆ ಸಾಗಿಸುವುದೂ ತಪ್ಪಿತು.

ನೋಂದಣಿಯ ನಮೂನೆಯಲ್ಲಿ ಒಂದು ಸಾಲಿತ್ತು: ಜಮೀನಿನಲ್ಲಿ ಕೆರೆ, ಹಳ್ಳ, ಬಾವಿ. ಕಾಕಾ ನೆಲದ ಮೇಲೆ ನಿಂತು ಓದಿದರು. "ಬಾವಿ. ಐತೇನ್ರಿ?"

"ಇಲ್ರಿ. ಉಡಿ ತುಂಬಿ ಕಳಿಸಿಲ್ಲೇನು? ನೀವೂ ಇದ್ರಿ."

ಅವರು ಸಪಾಟಾದ ಕರಿನೆಲವನ್ನು ನೋಡಿದರು. ಮುದುಕಿಯ ಅಳು ಅವರ ಕಿವಿಯಲ್ಲೂ ಇತ್ತೇನೋ. ಕಳಿಸಿಕೊಟ್ಟ ಮಗಳನ್ನು ಮನೆಯಲ್ಲಿದ್ದಾಳೆ ಎಂದು ಯಾರು ಬರೆಯುತ್ತಾರೆ? "ಇಲ್ಲ" ಎಂದು ಬರೆದರು. ನನಗೂ ಅದು ಸುಳ್ಳು ಅನ್ನಿಸಲಿಲ್ಲ, ದೇವರಾಣೆ ಅನ್ನಿಸಲಿಲ್ಲ. ನಮ್ಮಿಬ್ಬರ ಮಟ್ಟಿಗೆ ಬಾವಿ ಹೋಗಿತ್ತು. ನಕಾಶೆ ಬರೆಯುವವನು ಸಪಾಟು ನೆಲ ಕಂಡು ಅಲ್ಲಿ ಇಪ್ಪತ್ತೇಳನೇ ಸೈಟು ಹಾಕಿದ.

ಆ ಸೈಟನ್ನು ಕೊಂಡವಳು ನೀಲವ್ವ. ಸಂಶಿಯಲ್ಲಿ ರೊಟ್ಟಿ ಬಡಿದು ಮಾರುವ ಹೆಂಗಸು. ಗಂಡನಿಲ್ಲ. ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಎರಡು ಒಲೆ, ಮದುವೆ ಮುಂಜಿಗೆ ಸಾವಿರ ರೊಟ್ಟಿ ಅಂದರೂ ಹೆದರದ ಕೈ. "ಅಣ್ಣಾರ, ಮುಂದ ದೊಡ್ಡ ಅಡಗಿ ಮನಿ, ನಾಕು ಒಲಿ, ಹಿಂದ ನಾ ಮಲಗಾಕ ಒಂದು ಖೋಲಿ. ಅಷ್ಟ ಸಾಕು" ಎಂದು, ಸೈಟಿನಲ್ಲಿ ನಿಂತು ಕಾಲಿಂದ ಗೆರೆ ಎಳೆದು ಒಲೆಗಳ ಜಾಗ ತೋರಿಸಿದ್ದಳು.

ಮರುವರ್ಷದ ಏಪ್ರಿಲ್. ಹಿಂದಿನ ಮೂರು ತಿಂಗಳ ಮಾಹಿತಿ ತುಂಬಲು ಕಾಕಾ ಎಂದಿನಂತೆ ಬಂದರು. ಓದುತ್ತ ಓದುತ್ತ ಹೆಜ್ಜೆ ಹಾಕುವುದು ಅವರ ರೂಢಿ. ಇಪ್ಪತ್ತೇಳನೇ ಸೈಟಿನ ಹತ್ತಿರ ಅವರ ದನಿ ನಿಂತಿತು. ನಾನು ಮೊಬೈಲ್ ನೋಡುತ್ತಿದ್ದೆ. ತಲೆಯೆತ್ತಿದಾಗ ಅವರು ಚಪ್ಪಲಿ ಬಿಟ್ಟು, ಬಿಸಿ ನೆಲದ ಮೇಲೆ ಬರಿಗಾಲಲ್ಲಿ, ಸುತ್ತು ಹಾಕುತ್ತಿದ್ದರು. ಒಂದು ಪೂರ್ತಿ ಸುತ್ತು ಬಂದು ಮೊದಲಿಟ್ಟ ಹೆಜ್ಜೆಯ ಮೇಲೇ ನಿಂತರು.

"ಬರ್ರಿ ಇಲ್ಲೆ."

ನೆಲ ಬಿರಿದಿತ್ತು. "ಎರಿ ಭೂಮಿ ಕಾಕಾ, ಬ್ಯಾಸಿಗ್ಯಾಗ ಬಿರಿಯೂದ ಅದರ ಗುಣ," ಎಂದೆ.

"ಬಿರಿತೈತಿ. ಅಡ್ಡಾತಿಡ್ಡಿ ಬಿರಿತೈತಿ. ಹಿಂಗ ದುಂಡಗ ಬಿರಿದದ್ದನ್ನ ಎಲ್ಲ್ಯರ ನೋಡೀರೇನ್ರಿ, ಸಾವಕಾರ್ರ?"

ಬಳೆಯಷ್ಟು ದುಂಡಗೆ, ಬಾವಿಯ ಬಾಯಿಯಷ್ಟು ಅಗಲಕ್ಕೆ, ಸೀಳು ಒಂದಕ್ಕೊಂದು ಕೂಡಿಕೊಂಡು ನಿಂತಿತ್ತು. ಒಳಗಿನ ನೆಲ ಹೊರಗಿನದಕ್ಕಿಂತ ನಾಲ್ಕು ಬೆರಳು ಕೆಳಗಿತ್ತು. ಕಾಕಾ ಕಿಸೆಯಿಂದ ಟೇಪು ತೆಗೆದು ಸೀಳಿನೊಳಗೆ ಇಳಿಬಿಟ್ಟರು. ಟೇಪು ಮುಗಿಯಿತು, ಸೀಳು ಮುಗಿಯಲಿಲ್ಲ.

"ಹೋಗಿಲ್ಲಲ್ರಿ ಇದು," ಎಂದರು ಸಣ್ಣ ದನಿಯಲ್ಲಿ. ಆಮೇಲೆ ಕೆಲಸದ ದನಿಗೆ ಬಂದರು. "ನಕಾಶಿ ತಿದ್ದಸೂಣು. ಈ ಸೈಟು ತಗದು ಬಯಲು ಜಾಗಾ ಅಂತ ತೋರಸೂಣು. ಬಾವಿ ಇತ್ತು, ಮುಚ್ಚೇವಿ ಅಂತ ಬರಿಯೂಣು. ಸೈಟು ತಗೊಂಡವರೊಳಗ ಮೂರರಾಗ ಎರಡು ಪಾಲು ಮಂದಿ ಒಪ್ಪಿಗಿ ಬರದು ಕೊಡಬೇಕು. ನೀಲವ್ವಗ ಬ್ಯಾರೆ ಸೈಟು ಕೊಡ್ರಿ. ಮುಗೀತು."

"ಮುಗೀತು ಅಂತೀರಲ್ಲ! ಮೂವತ್ನಾಕು ಮಂದಿ ಬಾಗಲಕ ಹೋಗಿ, ನಮ್ಮ ಲೇಔಟಿನ್ಯಾಗ ಬಾವಿ ಐತ್ರಿ ಅಂದ್ರ ಉಳದ ಎಂಟು ಸೈಟು ಯಾರು ತಗೋತಾರ? ಒಂದು ಬಾವಿ ಐತಿ ಅಂದ್ರ ಮಂದಿ ಸೈಟಿಗೊಂದು ಬಾವಿ ಹುಡಕ್ತಾರ."

"ಹುಡಕ್ಲಿ. ಸಿಗೂದಿಲ್ಲ."

"ಈ ಸಲ ಬಿಡ್ರಿ ಕಾಕಾ. ಮುಂದಿನ ಸಲ ಬರಿಯೂಣು."

"ಅಷ್ಟರಾಗ ಆಕಿ ಪಾಯಾ ಹಾಕ್ತಾಳ."

ಅವರ ದನಿಯಲ್ಲಿ ಬಿಗುವಿತ್ತು. ಆ ಬಿಗುವನ್ನು ನಾನು ಸಂತೆಯಲ್ಲಿ ಎಷ್ಟೋ ಮಣಿಕಟ್ಟುಗಳಲ್ಲಿ ಕಂಡವನು. ಎದುರಿನವನು ಬೆಲೆಗೆ ಬಗ್ಗದಿದ್ದರೆ ಎತ್ತನ್ನು ಬಿಟ್ಟು ಎತ್ತಿನವನನ್ನು ಹಿಡಿಯಬೇಕು, ಅವನು ಎಲ್ಲಿ ಹೆದರುತ್ತಾನೋ ಅಲ್ಲಿ. ಇದನ್ನು ನಾನು ಯಾರಿಂದಲೂ ಕಲಿಯಲಿಲ್ಲ, ಹೊಟ್ಟೆ ಕಲಿಸಿತು. ಹಿಡಿದೆ.

"ಬಾವಿ ಇಲ್ಲ ಅಂತ ಬರದವರು ಯಾರ್ರಿ ಕಾಕಾ? ಅಕ್ಷರ ನಿಮ್ಮದು. ಖರೀದಿ ಪತ್ರದಾಗ ಬಾವಿ ಸಮೇತ ಅಂತ ಬರದದ್ದೂ ನೀವ. ನಾಳೆ ಯಾರರ ಕೇಳಿದ್ರ, ನಾ ನಾಕನೇ ಇಯತ್ತೆ ಓದಿದಾಂವ, ಕಾಕಾ ಬರದ್ರು ನಾ ಸಹಿ ಹಾಕಿದೆ ಅಂತೀನಿ. ಹೆಸರು ಹೋಗೂದು ಯಾರದು? ನಲವತ್ತು ವರ್ಷದ್ದು?"

ಅವರು ಕೂಗಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅಂಥದ್ದೇನೂ ಆಗಲಿಲ್ಲ. ಟೇಪನ್ನು ಸೀಳಿನಿಂದ ಎಳೆದು, ಅಂಟಿದ ಮಣ್ಣನ್ನು ಬೆರಳಿಂದ ಒರೆಸುತ್ತ, ಒರೆಸುತ್ತ, ಸುತ್ತಿ ಕಿಸೆಗೆ ಹಾಕಿಕೊಂಡರು. ಉಳಿದ ಸಾಲುಗಳನ್ನು ಓದಲಿಲ್ಲ.

ಅಂಗಡಿಗೆ ಬಂದು ಕಾಗದವನ್ನು ಟೈಪು ಮಾಡುವವನ ಮುಂದೆ ಇಟ್ಟರು. ಹಿಂದಿನ ಮಾಹಿತಿಯಲ್ಲಿ ಏನಾದರೂ ಬದಲಾವಣೆ ಇದೆಯೇ ಎಂಬಲ್ಲಿ "ಇಲ್ಲ" ಎಂದು ಅವನು ಒತ್ತಿದ. ನನ್ನ ಮೊಬೈಲ್ ಸದ್ದು ಮಾಡಿತು. ರೂಢಿಯಂತೆ ನಾನು ಅದನ್ನು ಅವರ ಕೈಗೆ ಕೊಡಲು ಹೋದೆ. ಅವರು ಬೀದಿ ನೋಡುತ್ತ ಕೂತಿದ್ದರು.

"ಗಟ್ಟಿಯಾಗಿ ಹೇಳ್ರಿ," ಎಂದರು. "ಈಗ ಏನಾಗೂದೈತಿ."

ನಾನು ಗೆದ್ದಿದ್ದೆ. ಅವರ ಎದುರು ಗೆದ್ದದ್ದು ಅದೊಂದೇ ಸಲ.

ಅದಾದ ಮೇಲೆ ನಾನು ಅವರನ್ನು ಒಂದೇ ಸಲ, ದೂರದಿಂದ ಕಂಡೆ. ಸಂಶಿಯ ಬಸ್ ಸ್ಟ್ಯಾಂಡಿನಲ್ಲಿ. ಅವರಿಗೆ ಸಂಶಿಯಲ್ಲಿ ಏನು ಕೆಲಸ ಅನ್ನಿಸಿತು, ಕೇಳಲಿಲ್ಲ. ಬೈಕು ನಿಲ್ಲಿಸಿದರೆ ಮಾತಾಡಬೇಕಾಗುತ್ತದೆ. ಜೂನ್ ತಿಂಗಳ ಮೊದಲ ಮಳೆಗಳು ಬಿದ್ದಿದ್ದವು. ಒಂದು ಶುಕ್ರವಾರ ನಮಾಜು ಮುಗಿಸಿ ಬಂದು ಮೇಜಿನ ಮುಂದೆ ಕೂತವರು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಅಂಗಡಿಯವರು ನಿದ್ದೆ ಹತ್ತಿದೆ ಅಂದುಕೊಂಡರಂತೆ.

ಮಣ್ಣಿಗೆ ನಾನೂ ಹೋದೆ. ನೂರಾರು ಜನ. ಅವರಿಂದ ಹೊಲದ ಪತ್ರ ಬರೆಸಿಕೊಂಡ ಅಣ್ಣತಮ್ಮಂದಿರು, ಮಾತು ಬಿಟ್ಟವರು ಕೂಡ, ಒಂದೇ ಸಾಲಿನಲ್ಲಿ ನಿಂತಿದ್ದರು. ನನ್ನ ಪಾಳಿ ಬಂದಾಗ ಮೂರು ಹಿಡಿ ಮಣ್ಣು ಹಾಕಿದೆ. ಅದೂ ಎರೆಮಣ್ಣೇ, ಹಸಿಯಾಗಿ ಅಂಗೈಗೆ ಅಂಟಿತು. ಗುಂಡಿ ತುಂಬಿ ನೆಲದ ಮಟ್ಟಕ್ಕೆ ಬಂದಾಗ ಸಲಿಕೆ ಹಿಡಿದಿದ್ದವನು ನಿಲ್ಲಿಸಲು ಹೋದ. ಪಕ್ಕದಲ್ಲಿದ್ದ ವಯಸ್ಸಾದವರೊಬ್ಬರು, "ಏರಸ್ಲೇ, ಇನ್ನೂ ಏರಸು," ಎಂದರು. "ಎರಿ ಮಣ್ಣು, ನಾಕು ಮಳಿ ಆದ್ರ ಕೆಳಗ ಇಳೀತೈತಿ. ಎಷ್ಟ ಹಾಕಿದ್ರೂ ಇಳೀತೈತಿ."

ಅವರು ಹೇಳಿದ್ದು ಸಲಿಕೆಯವನಿಗೆ. ನನ್ನ ಕಾಲು ಅಲ್ಲಿ ನಿಲ್ಲಲಿಲ್ಲ. ಕೈ ತೊಳೆಯುವುದನ್ನೂ ಮರೆತು ಹೊರಗೆ ಬಂದೆ. ರಸ್ತೆಯಲ್ಲಿ ಮೊಬೈಲ್ ಹೊಡೆದುಕೊಂಡಿತು. ನೀಲವ್ವ.

"ಅಣ್ಣಾರ, ಶ್ರಾವಣದ ತನಕ ತಡೀಬೇಕು ಅಂದ್ಕೊಂಡಿದ್ದೆ. ಆದ್ರ ಮನಿ ಕಟ್ಟೋ ಗೌಂಡಿ ಈಗ ಸಿಕ್ಕಾನ. ಆಷಾಢ ಹತ್ತೂದ್ರಾಗ ಶುರು ಮಾಡ್ತೀನಿ. ಸೋಮವಾರ ಗುದ್ದಲಿ ಪೂಜಿ. ಮೊದಲನೇ ಗುದ್ದಲಿ ನೀವ ಹಾಕಬೇಕು, ಸೈಟು ಕೊಟ್ಟ ಕೈ."

ಕೊಟ್ಟ ಕೈಯನ್ನು ನೋಡಿಕೊಂಡೆ. ಮಣ್ಣು ಒಣಗಿ ಗೆರೆಗೆರೆಯಾಗಿ ಬಿರಿಯತೊಡಗಿತ್ತು.

ಮರುದಿನ ಮುಂಜಾನೆ ಅವಳ ಮನೆಗೆ ಹೋದೆ. ರೊಟ್ಟಿ ಬಡಿಯುವ ಸಪ್ಪಳ ಓಣಿಗೇ ಕೇಳುತ್ತಿತ್ತು. ನನ್ನ ಕಸುಬಿನಲ್ಲಿ ಮೊದಲ ಮಾತು ಯಾವತ್ತೂ ನಾವು ಆಡಬಾರದು, ಎದುರಿನವರಿಂದ ಆಡಿಸಬೇಕು. ಅಂದು ಕೂಡುವ ಮುಂಚೆಯೇ ಆಡಿದೆ.

"ಅಕ್ಕಾ, ಆ ಸೈಟಿನ ಕೆಳಗ ಬಾವಿ ಐತಿ."

ಅವಳ ಕೈ ನಿಲ್ಲಲಿಲ್ಲ. ಆ ರೊಟ್ಟಿಯನ್ನು ಪೂರ್ತಿ ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು.

"ಎಷ್ಟು ಆಳ?"

"ಐವತ್ತು ಅಡಿ ಇತ್ತು."

"ಏನು ಹಾಕಿ ತುಂಬೀರಿ?"

"ರಸ್ತೆ ಕಡದ ಮಣ್ಣು."

ರೊಟ್ಟಿ ತಿರುವಿ ಹಾಕಿದಳು. "ನಾಕು ಒಲಿ ಅದರ ಮ್ಯಾಲ ಬರ್ತಿದ್ವು," ಎಂದಳು ತನಗೇ ಎಂಬಂತೆ. ಆಮೇಲೆ ನನ್ನ ಮುಖ ನೋಡಿದಳು. "ಕಾಕಾಗ ಗೊತ್ತಿತ್ತೇನ್ರಿ?"

ಈ ಪ್ರಶ್ನೆ ನನ್ನ ಎಣಿಕೆಯಲ್ಲಿ ಇರಲಿಲ್ಲ. ಇಲ್ಲ ಅಂದರೆ ಸತ್ತವರ ಹೆಸರು ಉಳಿಯುತ್ತಿತ್ತು, ಅದು ಪುಣ್ಯದ ಸುಳ್ಳು ಎಂದು ನಾನೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಹೌದು ಅಂದರೆ, ನಲವತ್ತು ವರ್ಷ ಒಂದು ಕಂಬವನ್ನೂ ಹೆಚ್ಚಿಗೆ ಬರೆಯದ ಮನುಷ್ಯ ಅವಳ ಕಣ್ಣಲ್ಲಿ ನನ್ನ ಸಾಲಿಗೆ ಬಂದು ಕೂಡುತ್ತಿದ್ದರು. ಎಡಭುಜದ ಹಿಂದೆ ಯಾರೋ ನಿಂತು ಕಾಯುತ್ತಿದ್ದಾರೆ ಅನ್ನಿಸಿದ್ದು ಆಗಲೇ, ಮೊದಲ ಸಲ.

"ಗೊತ್ತಿತ್ತು," ಎಂದೆ. "ನಿನಗ ಹೇಳೂಣು ಅಂದ್ರು. ಅವರ ಹೆಸರು ಹೋಗ್ತೈತಿ ಅಂತ ನಾ ಹೆದರಿಸಿದೆ. ಬಾಯಿ ಕಟ್ಟಿದೆ."

"ಹೋಗ್ರಿ," ಎಂದಳು. "ರೊಟ್ಟಿ ಸೀದು ಹೋಗಾಕತ್ತಾವು."

ಸೋಮವಾರದ ಪೂಜೆ ನಡೆಯಲಿಲ್ಲ. ನಾನು ಕಾಕಾ ಹೇಳಿದ್ದನ್ನೇ ಅವರು ಹೇಳಿದ ಕ್ರಮದಲ್ಲೇ ಮಾಡಿದೆ. ಹೊಸ ನಕಾಶೆ ಮಾಡಿಸಿ, ಒಪ್ಪಿಗೆಯ ಕಾಗದ ಹಿಡಿದು ಮನೆ ಮನೆ ತಿರುಗಿದೆ. ಬಮ್ಮಿಗಟ್ಟಿಯಿಂದ ಬಂದು ಸೈಟು ಕೊಂಡಿದ್ದ ಒಬ್ಬರು ಬಾಗಿಲಲ್ಲೇ ನಿಲ್ಲಿಸಿ, "ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಾಂವ ನೀ, ನಿನ್ನ ಹೊಲದ ಹೊಟ್ಟಿ ನಿನಗ ಗೊತ್ತಿರಲಿಲ್ಲೇನಲೇ?" ಎಂದರು. ಪೆನ್ನು ಮುಂದೆ ಹಿಡಿದೆ. ಇಬ್ಬರು ಸೈಟು ಬೇಡವೆಂದು ವಾಪಸು ಕೊಟ್ಟರು. ಉಳಿದವರು ತಮ್ಮ ಸೈಟಿನ ನಾಲ್ಕೂ ಮೂಲೆ ಅಗೆಸಿ ನೋಡಿ ಸಹಿ ಹಾಕಿದರು. ಕಾಕಾ ಅಂದದ್ದೇ ಆಯಿತು, ಹುಡುಕಿದರು, ಸಿಗಲಿಲ್ಲ. ಸೈಟು ಕೊಳ್ಳುವ ಆಸೆಯಿದ್ದವರಿಗೆ ನನ್ನ ಬುದ್ಧಿಮಾತು: ಬೆಳೆ ಹಸಿರಾಗಿರುವಾಗ ಜಾಗ ನೋಡಲು ಬರಬೇಡಿ. ಏಪ್ರಿಲ್ ತಿಂಗಳಲ್ಲಿ, ನೆಲ ಬಾಯಿ ಬಿಟ್ಟಿರುವಾಗ ಬನ್ನಿ. ನಾವು ದಲಾಲರು ಹೇಳದ್ದನ್ನು ಅದು ಹೇಳುತ್ತದೆ. ಹೊಲದ ಹಳೆಯ ಖರೀದಿ ಪತ್ರ ಕೇಳಿ ಓದಿಸಿ.

ಬೇಕಾದಷ್ಟು ಸಹಿ ಆದವು, ನೀಲವ್ವನದೊಂದು ಬಿಟ್ಟು. ಅವಳದಿಲ್ಲದೆ ಅವಳ ಸೈಟನ್ನು ನಕಾಶೆಯಿಂದ ತೆಗೆಯುವಂತಿಲ್ಲ. ಜುಲೈ ತಿಂಗಳ ಮಾಹಿತಿ ತುಂಬುವ ದಿನ ಹತ್ತಿರ ಬಂತು. ಮೂರನೇ ಸಲ ಅವಳ ಮನೆಗೆ ಹೋದಾಗ ಒಲೆ ಆರಿತ್ತು, ಅವಳು ಗೋಡೆಗೆ ಒರಗಿ ಕೂತಿದ್ದಳು.

"ನನಗ ಎಂಟನೇ ನಂಬರ್ ಬೇಕು. ಮೂಲಿದು," ಎಂದಳು. ನನ್ನ ಮನೆಗೆಂದು ನಾನು ಇಟ್ಟುಕೊಂಡಿದ್ದ ಸೈಟು ಅದು. ಅವಳ ಮಾತು ಮುಗಿಯುವ ಮುಂಚೆ ಆಗಲಿ ಅಂದೆ.

"ಕಾಗದ ಓದ್ರಿ."

"ನೀನ ಓದಿ ನೋಡಕ್ಕ."

"ನೀವು ಓದ್ರಿ. ಕಾಕಾ ಓದ್ತಿದ್ರಲ್ಲ, ಹಂಗ."

ಓದಿದೆ. ಇಪ್ಪತ್ತೇಳನೇ ನಿವೇಶನದ ಅಡಿಯಲ್ಲಿ ಮುಚ್ಚಲ್ಪಟ್ಟ ಬಾವಿ ಇರುತ್ತದೆ ಎಂಬಲ್ಲಿಗೆ ಬಂದಾಗ ನನ್ನ ದನಿ ನಿಂತಿತು. ಅವಳು ಕಾಯ್ದಳು. ಮುಂದೆ ಓದಿದೆ. ಪೆನ್ನು ಈಸಿಕೊಂಡು ಅಕ್ಷರ ಜೋಡಿಸಿ ಜೋಡಿಸಿ ಸಹಿ ಮಾಡಿದಳು. ಕಾಗದ ಮಡಿಚಿ ನಾನು ಎದ್ದೆ.

"ಅವರು ಮೂರು ಸಲ ಬಂದಿದ್ರು ಇಲ್ಲಿಗೆ. ನಿಮಗ ಗೊತ್ತೇನು?"

ಗೊತ್ತಿರಲಿಲ್ಲ.

"ಮೊದಲನೇ ಸಲ ಅಲ್ಲೆ ಹೊಸ್ತಲದಾಗ ನಿಂತು, ಶ್ರಾವಣಕ್ಕ ಪಾಯಾ ಹಾಕವಾ ತಂಗಿ, ಈಗ ಬ್ಯಾಡ ಅಂದ್ರು. ನಾ ನಕ್ಕೆ. ಕಾಕಾ, ನಮ್ಮ ಐನಾರಿಗಿಂತ ನೀವ ಚಲೋ ಪಂಚಾಂಗ ಹೇಳ್ತೀರಲ್ಲ ಅಂದೆ. ಅವರು ನಗಲಿಲ್ಲ. ಎರಡನೇ ಸಲ ಬಂದು ಭಾಳ ಹೊತ್ತು ಕುಂತ್ರು, ಹತ್ತು ರೊಟ್ಟಿ ಕಟ್ಟಿಸ್ಕೊಂಡು ಹೋದ್ರು. ಮೂರನೇ ಸಲಾನೂ ಹತ್ತು ರೊಟ್ಟಿ ಕಟ್ಟಿ ಕೈಯಾಗ ಕೊಟ್ಟೆ. ತಗೊಂಡವರು ಮತ್ತ ಹೊರಗಿನ ಕಟ್ಟಿ ಮ್ಯಾಲ ಇಟ್ಟು ಹೊಂಟ್ರು. ಕಾಕಾ, ರೊಟ್ಟಿ ಮರತ್ರಿ ಅಂತ ಕೂಗಿದೆ. ಓಣಿ ತಿರುವಿನ್ಯಾಗ ನಿಂತು ತಿರುಗಿ ನೋಡಿದ್ರು. 'ಮರತಿಲ್ಲವಾ, ಹೇಳ್ತೀನಿ. ಮುಂದಿನ ಸಲ ಹೇಳ್ತೀನಿ' ಅಂದ್ರು. ನಾ ಕೇಳಿದ್ದು ರೊಟ್ಟಿ, ಇವರು ಏನೋ ಅಂತಾರ, ವಯಸ್ಸಾತು ಪಾಪ ಅಂದ್ಕೊಂಡೆ." ಸೆರಗಿಂದ ಕೈ ಒರೆಸಿಕೊಂಡಳು. "ಎಂಟು ದಿನಕ್ಕ ಹೋಗಿಬಿಟ್ರು."

ನಾನು ಬಾಗಿಲಿಗೆ ಬಂದೆ. ಚಪ್ಪಲಿ ಹೊಸ್ತಿಲಿನ ಹೊರಗೆ, ನಾನು ಬಿಟ್ಟಲ್ಲೇ, ಕಣ್ಣೆದುರೇ ಇದ್ದವು. ಅವು ನನಗೆ ಸಿಗಲು ಬಹಳ ಹೊತ್ತು ಹಿಡಿಯಿತು.